ಊಟ ಆಯ್ತಾ ಅಂತ ಕೇಳುವ ಊರು: ತೈನಾನ್‌ನಲ್ಲಿ ಚೀನೀ ಕಲಿತ ದಿನಗಳು

ವಾಪಸ್ ಬಂದು ಮೂರು ವಾರ ಆಯಿತು. ಈಗಲೂ ಸಂಜೆ ಆದರೆ ನನ್ನ ಕಿವಿ ಕಸದ ಗಾಡಿಯ ಪಿಯಾನೋ ಸದ್ದಿಗೆ ಕಾಯುತ್ತದೆ. ಮರೆತು ಹೋಗುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ.

ಬೆಂಗಳೂರಿನ ಕಾಲೇಜಿನಿಂದ ಒಂದು ಸೆಮಿಸ್ಟರ್ ಮಟ್ಟಿಗೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ತೈವಾನಿನ ತೈನಾನ್‌ಗೆ ಹೋಗಿದ್ದೆ. ಸೆಪ್ಟೆಂಬರ್‌ನಲ್ಲಿ ಹೋದವಳು ಜನವರಿಯಲ್ಲಿ ಬಂದೆ. ವಾರಕ್ಕೆ 15 ಗಂಟೆ ಚೀನೀ ಭಾಷೆಯ ಪಾಠ. ವೀಸಾ, ಟಿಕೆಟ್ಟಿನ ಕಥೆ ಎಲ್ಲರದ್ದೂ ಒಂದೇ, ಅದನ್ನು ಬಿಡುತ್ತೇನೆ.

ದಿನ 1

ಹಾಂಗ್‌ಕಾಂಗ್‌ನಲ್ಲಿ ವಿಮಾನ ಬದಲಿಸಿ ತಾವ್‌ಯುವಾನ್‌ನಲ್ಲಿ ಇಳಿದೆ. ಅಲ್ಲಿಂದ ಗಂಟೆಗೆ 300 ಕಿಲೋಮೀಟರ್ ಓಡುವ ರೈಲು. ಕಿಟಕಿಯಾಚೆ ಮೊದಲು ಕಟ್ಟಡ, ಆಮೇಲೆ ಬೆಟ್ಟ, ಆಮೇಲೆ ಬರೀ ಗದ್ದೆ. ತೈನಾನ್ ಹತ್ತಿರ ಬಂದಾಗ ಮಂಡ್ಯದ ಕಡೆ ಹೋಗುತ್ತಿದ್ದೇನೇನೋ ಅನ್ನಿಸಿತು. ಆ ಬಯಲಿನ ನಾಲೆಗಳು ಜಪಾನೀಯರ ಆಳ್ವಿಕೆಯಲ್ಲಿ, 1930ರಲ್ಲಿ ಕಟ್ಟಿ ಮುಗಿಸಿದವು ಅಂತ ಆಮೇಲೆ ಗೊತ್ತಾಯಿತು.

ಆ ವೇಗದ ರೈಲು ಊರೊಳಗೆ ಬರುವುದಿಲ್ಲ. ಹೊರಗೆ ದೂರದಲ್ಲಿ ಇಳಿಸುತ್ತದೆ. ದೊಡ್ಡ ಸೂಟ್‌ಕೇಸ್ ನೋಡಿ ಗಾಬರಿಯಾಗಿ ಟ್ಯಾಕ್ಸಿ ಹಿಡಿಯಬೇಡಿ, ಅದೇ ನಿಲ್ದಾಣಕ್ಕೆ ಅಂಟಿಕೊಂಡೇ ಇನ್ನೊಂದು ಸಣ್ಣ ರೈಲು ಇದೆ, ಅರ್ಧ ಗಂಟೆಯೊಳಗೆ ಪೇಟೆಗೆ ಬಿಡುತ್ತದೆ.

ಸಂಜೆ ಆರಕ್ಕೂ ಮೈಯೆಲ್ಲ ಬೆವರು. ಮಂಗಳೂರಿನ ಏಪ್ರಿಲ್ ನೆನಪಾಗುವಂಥ ಸೆಖೆ. ಹಾಸ್ಟೆಲಿನಲ್ಲಿ ಜಾಗ ಸಿಕ್ಕಿರಲಿಲ್ಲ, ಒಂದು ಸಣ್ಣ ಓಣಿಯಲ್ಲಿ ಮಹಡಿ ಮೇಲಿನ ರೂಮು. ಕೆಳಗೆ ಮನೆ ಮಾಲೀಕರ ತಾಯಿ ಒಬ್ಬರೇ ಇರುತ್ತಾರೆ. ಎಲ್ಲರೂ ಅವರನ್ನು ‘ಅ-ಮಾ’ ಅನ್ನುತ್ತಿದ್ದರು. ನಾನು ಅಮ್ಮ ಅಂತಲೇ ಕೇಳಿಸಿಕೊಂಡು, ಅಬ್ಬಾ, ಇಲ್ಲೂ ಅಮ್ಮನೇ ಅಂದುಕೊಂಡೆ. ಅದು ಅಜ್ಜಿ ಅನ್ನುವ ಪದ. ಚೀನೀ ಕೂಡ ಅಲ್ಲ, ಅವರ ಮನೆಮಾತು ತೈಗಿ.

ರಾತ್ರಿ ಹಸಿವು. ಓಣಿಯ ತುದಿಯ ಅಂಗಡಿಯಲ್ಲಿ ಬೇಯಿಸಿದ ಸೊಪ್ಪಿನ ಚಿತ್ರ ತೋರಿಸಿ ಅದೇ ಕೊಡಿ ಅಂದೆ. ಸೊಪ್ಪು ಬಂತು. ಅದರ ಮೇಲೆ ಒಂದು ಸೌಟು ಹಂದಿ ಮಾಂಸದ ಕೈಮ. ಅಲ್ಲಿ ಸೊಪ್ಪಿನ ಮೇಲೆ ಅದನ್ನು ಹಾಕುವುದೇ ವಾಡಿಕೆ, ಅವರ ತಪ್ಪೇನೂ ಇಲ್ಲ. ದುಡ್ಡು ಕೊಟ್ಟು, ಬಾಳೆಹಣ್ಣು ತಿಂದು ಮಲಗಿದೆ. ಮನೆಗೆ ಫೋನ್ ಮಾಡಿದಾಗ ಊಟ ಚೆನ್ನಾಗಿತ್ತು ಅಂದೆ. ಅಲ್ಲಿಗೂ ಇಲ್ಲಿಗೂ ಎರಡೂವರೆ ಗಂಟೆ ವ್ಯತ್ಯಾಸ. ಅಮ್ಮ ಆಗಷ್ಟೇ ರಾತ್ರಿಯ ಅಡುಗೆಗೆ ಇಟ್ಟಿದ್ದಳು. ಒಗ್ಗರಣೆ ಸದ್ದು ಫೋನಿನಲ್ಲಿ ಕೇಳಿ ಅಳು ಬಂತು.

ದಿನ 2

ಬೆಳಿಗ್ಗೆ ಅ-ಮಾ ಬಾಗಿಲಲ್ಲೇ ನಿಂತಿದ್ದರು. ಏನೋ ಕೇಳಿದರು, ‘ಚ್ಯಾ ಪಾ ಬುವೇ?’ ಅಂತ. ಅರ್ಥ ಆಗಲಿಲ್ಲ. ಕೈಯನ್ನು ಬಾಯಿಗೆ ತಂದು ತೋರಿಸಿದರು. ಊಟ ಆಯ್ತಾ?

ಎಷ್ಟೊಂದು ಪಾಠ ಓದಿಕೊಂಡು ಹೋಗಿದ್ದೆ. ‘ನೀವು ಹೇಗಿದ್ದೀರಿ’ ಅಂತ ಕೇಳುವುದು, ಅದಕ್ಕೆ ‘ನಾನು ಚೆನ್ನಾಗಿದ್ದೇನೆ’ ಅನ್ನುವುದು. ಆ ಓಣಿಯಲ್ಲಿ ನಾಲ್ಕು ತಿಂಗಳಲ್ಲಿ ಒಬ್ಬರೂ ನನ್ನನ್ನು ಹಾಗೆ ಕೇಳಲಿಲ್ಲ. ಊಟ ಆಯ್ತಾ ಅಂತಲೇ ಕೇಳಿದರು. ನಮ್ಮ ಊರಿನ ಹಾಗೆಯೇ ಅಲ್ವಾ?

ನಾನು ಸಸ್ಯಾಹಾರಿ ಅಂತ ಅವರಿಗೆ ತಿಳಿಸಲು ಫೋನಿನ ಸಹಾಯ ಬೇಕಾಯಿತು. ಅ-ಮಾ ತಕ್ಷಣ ಎದ್ದು ಚಪ್ಪಲಿ ಮೆಟ್ಟಿ ಕೈ ಹಿಡಿದು ಕರೆದುಕೊಂಡು ಹೋದರು. ಎರಡು ಓಣಿ ದಾಟಿದರೆ ಒಂದು ಸಣ್ಣ ಹೋಟೆಲ್, ಬೋರ್ಡಿನ ಮೇಲೆ ನಮ್ಮ ಸ್ವಸ್ತಿಕ, ಆದರೆ ಕೈಗಳು ಉಲ್ಟಾ ತಿರುಗಿದ್ದು. ಅದು ಅಲ್ಲಿ ಬೌದ್ಧರ ಗುರುತು, ಆ ಗುರುತು ಕಂಡರೆ ಕಣ್ಣು ಮುಚ್ಚಿ ಒಳಗೆ ಹೋಗಬಹುದು. ಇಪ್ಪತ್ತು ಮೂವತ್ತು ತರದ ಪಲ್ಯ ಜೋಡಿಸಿಟ್ಟಿರುತ್ತಾರೆ, ಬೇಕಾದ್ದು ಹಾಕಿಕೊಂಡು ತೂಕಕ್ಕೆ ದುಡ್ಡು ಕೊಡುವುದು. ಕಟ್ಟುನಿಟ್ಟಿನ ಜಾಗಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ನಮ್ಮ ಮಠದ ಊಟದ ಹಾಗೆ. ಮೊಟ್ಟೆ ಬೇಡದವರು ಮಾತ್ರ ಮೊದಲೇ ಕೇಳಿಕೊಳ್ಳಬೇಕು, ಅದನ್ನು ತಿನ್ನುವ ಸಸ್ಯಾಹಾರಿಗಳೂ ಅಲ್ಲಿದ್ದಾರೆ. ‘ವೋ ಛಿ ಸು’, ನಾನು ಸಸ್ಯಾಹಾರಿ. ನಾನು ತಪ್ಪಿಲ್ಲದೆ ಹೇಳಿದ ಮೊದಲ ವಾಕ್ಯ ಅದೇ.

ದಿನ 4

ಮೊದಲ ತರಗತಿ. ಕ್ಯಾಂಪಸ್ ಬಗ್ಗೆ ಎರಡು ಮಾತು ಹೇಳಲೇಬೇಕು. ಚೆಂಗ್ ಕುಂಗ್ ವಿಶ್ವವಿದ್ಯಾಲಯ 1931ರಲ್ಲಿ ಶುರುವಾದದ್ದು. ನಡುವೆ ಹುಲ್ಲಿನ ಬಯಲು, ಅದರಲ್ಲಿ ಒಂದು ಭಾರೀ ಆಲ. 1923ರಲ್ಲಿ ಜಪಾನಿನ ಯುವರಾಜ ಹಿರೋಹಿಟೋ ಬಂದಿದ್ದಾಗ ನೆಟ್ಟದ್ದಂತೆ. ಮಧ್ಯಾಹ್ನ ಮಕ್ಕಳು, ಮುದುಕರು, ನಾಯಿಗಳು ಎಲ್ಲ ಅದರ ನೆರಳಿನಲ್ಲೇ. ನಾಲ್ಕು ತಿಂಗಳಲ್ಲಿ ನಾನು ಜಾಸ್ತಿ ಓದಿದ್ದು ಆ ಮರದ ಕೆಳಗೆ.

ತರಗತಿಯಲ್ಲಿ ಹನ್ನೊಂದು ಜನ. ಟೀಚರ್ ಬಾಯಿಯ ಮುಂದೆ ಒಂದು ತೆಳು ಕಾಗದ ಹಿಡಿದರು. ಒಂದು ಅಕ್ಷರ ಹೇಳಿದರೆ ಕಾಗದ ಅಲ್ಲಾಡಲಿಲ್ಲ. ಇನ್ನೊಂದು ಹೇಳಿದರೆ ಹಾರಿತು. ಯುರೋಪಿನಿಂದ ಬಂದವರು ಮತ್ತೆ ಮತ್ತೆ ಪ್ರಯತ್ನ ಮಾಡುತ್ತಿದ್ದರು. ನಾನೂ ಇಂಗ್ಲಿಷ್ ಅಕ್ಷರ ನೋಡಿಕೊಂಡು ಬಿ, ಪಿ ಅಂತ ತಡವರಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಹೊಳೆಯಿತು, ಇದು ಪ ಮತ್ತು ಫ! ಅಲ್ಪಪ್ರಾಣ, ಮಹಾಪ್ರಾಣ. ಫ್ಯಾನಿನ ಫ ಅಲ್ಲ, ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಹೊಟ್ಟೆಯಿಂದ ಉಸಿರು ಒತ್ತಿ ಹೇಳಿಸುತ್ತಿದ್ದ ಫ. ಇಂಗ್ಲಿಷಿನಲ್ಲಿ ಬಿ ಅಂತ ಬರೆದದ್ದು ನಮ್ಮ ಪ, ಡಿ ಅಂತ ಬರೆದದ್ದು ತ, ಜಿ ಅಂತ ಬರೆದದ್ದು ಕ. ಬೀಜಿಂಗ್ ಅಂತ ಇಷ್ಟು ವರ್ಷ ಹೇಳಿದ್ದೆನಲ್ಲ, ಅದು ಪೇಯ್‌ಚಿಂಗ್‌ಗೆ ಹತ್ತಿರ.

ನೋಟ್‌ಬುಕ್ ತಿರುಗಿಸಿ ಹಿಂದಿನ ಪುಟದಿಂದ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆಯಲು ಶುರು ಮಾಡಿದೆ.

ತೈವಾನಿನಲ್ಲಿ ಮಕ್ಕಳಿಗೆ ಉಚ್ಚಾರ ಕಲಿಸಲು ಬೇರೆಯೇ 37 ಗುರುತುಗಳಿವೆ, ಒಂದನೇ ಕ್ಲಾಸಿನ ಮೊದಲ ಹತ್ತು ವಾರ ಅದೇ ಪಾಠ. ಟೀಚರ್ ಅದನ್ನು ಬೋರ್ಡಿನ ಮೇಲೆ ಬರೆದು ಓದಿಸಿದರು. ಪೊ ಫೊ ಮೊ... ತ ಥ ನ ಲ... ಕ ಖ ಹ. ನನ್ನ ಮೈ ಜುಮ್ಮೆಂದಿತು. ಇದು ವರ್ಗ! ನಮ್ಮದು ಗಂಟಲಿನಿಂದ ಹೊರಟು ತುಟಿಗೆ ಬರುತ್ತದೆ, ಅವರದು ತುಟಿಯಿಂದ ಹೊರಟು ಗಂಟಲಿಗೆ ಹೋಗುತ್ತದೆ, ಆಮೇಲೆ ಚಕಾರದ ಬಳಗ. ಪಕ್ಕದಲ್ಲಿದ್ದವರಿಗೆ ಬಾಯಿಪಾಠಕ್ಕೆ ವಾರ ಬೇಕಾಯಿತು, ನನಗೆ ಎರಡು ದಿನ ಸಾಕಾಯಿತು. ಇದು ನನ್ನ ಜಾಣತನ ಅಲ್ಲ, ಕನ್ನಡದ ವರ್ಣಮಾಲೆ ಕೊಟ್ಟ ಉಡುಗೊರೆ.

ಆದರೆ ಪದದ ಅರ್ಥವನ್ನೇ ಬದಲಿಸುವ ಧ್ವನಿಯ ಏರಿಳಿತ? ಅದಕ್ಕೆ ಕನ್ನಡದಲ್ಲಿ ಏನೂ ಇಲ್ಲ. ಅಲ್ಲಿ ನಾನೂ ಎಲ್ಲರ ಹಾಗೆ ಸೊನ್ನೆಯಿಂದಲೇ.

ದಿನ 9

ಅದೇ ಏರಿಳಿತ ಸೀಬೆಹಣ್ಣಿನ ಅಂಗಡಿಯಲ್ಲಿ ಪಾಠ ಕಲಿಸಿತು. ತೈನಾನ್ ಸೀಬೆಹಣ್ಣು ದೊಡ್ಡದು, ಗರಿಗರಿ, ಹೋಳು ಮಾಡಿ ಉಪ್ಪುಹುಳಿಯ ಪ್ಲಮ್ ಪುಡಿ ಉದುರಿಸಿ ಕೊಡುತ್ತಾರೆ. ಎಷ್ಟು ಅಂದೆ. ‘ಸಿ ಸಿ’ ಅಂದರು ಆ ಹೆಂಗಸು. ನಾನು 14 ಎಣಿಸಿ ಕೊಟ್ಟೆ. ಅವರು ಕೈ ಆಡಿಸಿದರು. ಬೆರಳಲ್ಲಿ ನಾಲ್ಕು ತೋರಿಸಿ, ಆಮೇಲೆ ಎರಡು ತೋರುಬೆರಳು ಅಡ್ಡ ಇಟ್ಟು ಹತ್ತು ತೋರಿಸಿದರು. ನಲವತ್ತು.

ಪುಸ್ತಕದಲ್ಲಿ ನಾಲ್ಕು ‘ಸಿ’, ಹತ್ತು ‘ಷಿ’. 14 ಅಂದರೆ ‘ಷಿ ಸಿ’, 40 ಅಂದರೆ ‘ಸಿ ಷಿ’. ತೆಂಕಣ ತೈವಾನಿನವರು ಮಾತಿನಲ್ಲಿ ಷಕಾರವನ್ನು ಹೆಚ್ಚಾಗಿ ಸಕಾರವೇ ಮಾಡುತ್ತಾರೆ. ನಮ್ಮಲ್ಲೂ ‘ಕಷ್ಟ’ ‘ಕಸ್ಟ’ ಆಗುವುದಿಲ್ಲವೇ? ಆಗ 14ಕ್ಕೂ 40ಕ್ಕೂ ಉಳಿಯುವ ವ್ಯತ್ಯಾಸ ಧ್ವನಿ ಏರಿತಾ ಬಿದ್ದಿತಾ ಅನ್ನುವುದಷ್ಟೇ. ಆ ಹೆಂಗಸು ಅಂಗಡಿಗೆ ಬೇರೆ ಗಿರಾಕಿ ಬಂದರೂ ಬಿಡದೆ ನನ್ನ ಕೈಲಿ ಹತ್ತು ಸಲ ಹೇಳಿಸಿದರು. ಕೊನೆಗೆ ಒಂದು ಹಣ್ಣು ಹೆಚ್ಚಿಗೆ ಹಾಕಿ ‘ಮಾನ್ ತ್ಸೋ’ ಅಂದರು. ನಿಧಾನವಾಗಿ ನಡಿ ಅಂತ ಅರ್ಥ. ಅಲ್ಲಿ ಹೊರಡುವವರಿಗೆಲ್ಲ ಹಾಗೆ ಹೇಳುತ್ತಾರೆ, ನಾವು ಹುಷಾರಾಗಿ ಹೋಗಿ ಬನ್ನಿ ಅನ್ನುವ ಹಾಗೆ.

ಅಂಗಡಿಯ ರಸೀದಿ ಎಸೆಯಬೇಡಿ. ಪ್ರತಿ ರಸೀದಿಯ ಮೇಲೂ ಒಂದು ನಂಬರ್ ಇರುತ್ತದೆ, ಎರಡು ತಿಂಗಳಿಗೊಮ್ಮೆ ಸರ್ಕಾರವೇ ಅದಕ್ಕೆ ಲಾಟರಿ ಎತ್ತುತ್ತದೆ. ನನಗೆ ಒಂದು ಸಲ 200 ಡಾಲರ್ ಬಂತು, ತೈವಾನ್ ಡಾಲರ್. ಅದರಲ್ಲಿ ಮೂರು ಹೊತ್ತಿನ ಊಟ ಆಯಿತು.

ದಿನ 16

ಶರತ್ಕಾಲದ ಹುಣ್ಣಿಮೆ ಹಬ್ಬ. ಓಣಿಯ ತುಂಬ ಹೊಗೆ. ಪ್ರತಿ ಮನೆಯವರೂ ಬಾಗಿಲ ಮುಂದೆ ಸಣ್ಣ ಸ್ಟೂಲ್ ಹಾಕಿಕೊಂಡು ಕೆಂಡದ ಮೇಲೆ ಏನಾದರೂ ಸುಡುತ್ತಾ ಕೂತಿದ್ದರು. ಅ-ಮಾ ಮನೆಯವರು ನನಗೆ ಅಂತಲೇ ಬೇರೆ ಜಾಲರಿ ಇಟ್ಟಿದ್ದರು. ಅದರ ಮೇಲೆ ಜೋಳ, ಅಣಬೆ, ತೋಫು. ಮಾಂಸ ಮುಟ್ಟಿದ ಇಕ್ಕಳ ಇದಕ್ಕೆ ತಾಗಬಾರದು ಅಂತ ಅ-ಮಾ ಮೊಮ್ಮಗನಿಗೆ ಎರಡು ಸಲ ಗದರಿದರು.

ಆಮೇಲೆ ಒಂದು ಹಣ್ಣು ತಂದಿಟ್ಟರು. ಚಕ್ಕೋತ! ತೈನಾನ್ ನಗರಕ್ಕೇ ಸೇರಿದ ಮಾದೋವಿನ ಚಕ್ಕೋತ ಇಡೀ ತೈವಾನಿನಲ್ಲಿ ಹೆಸರುವಾಸಿ. ನಾನು ವಿಮಾನ ಹತ್ತಿದ್ದು ದೇವನಹಳ್ಳಿಯಲ್ಲಿ, ಅದೂ ಚಕ್ಕೋತದ ಊರೇ ಅಂತ ಹೇಳಲು ಹೊರಟೆ. ನನ್ನ ಚೀನೀ ಸಾಲಲಿಲ್ಲ. ‘ನನ್ನ ಊರು, ವಿಮಾನ, ಚಕ್ಕೋತ ಇದೆ’ ಅಂದೆ. ಎಲ್ಲರೂ ತಲೆ ಆಡಿಸಿದರು. ಸಿಪ್ಪೆಯನ್ನು ಟೋಪಿಯ ಹಾಗೆ ಬಿಡಿಸಿ ಮಕ್ಕಳ ತಲೆಗೆ ಹಾಕುತ್ತಾರೆ. ನನ್ನ ತಲೆಗೂ ಒಂದು ಬಂತು.

ದಿನ 23

ಇದನ್ನು ಬಿಟ್ಟರೆ ಈ ಬರಹ ಬರೆದು ಉಪಯೋಗವಿಲ್ಲ.

ಅಂದು ತರಗತಿಯಲ್ಲಿ ‘ನಾನು ನಿನ್ನೆ ಕೊಂಡ ಪುಸ್ತಕ’ ಅನ್ನುವಂಥ ಮಾತು ಹೇಳುವುದನ್ನು ಕಲಿಸಿದರು. ಇಂಗ್ಲಿಷ್ ದಾರಿಯಲ್ಲಿ ಬಂದವರಿಗೆ ಇದು ತಲೆನೋವು. ಅವರಿಗೆ ಪುಸ್ತಕ ಮೊದಲು ಬರಬೇಕು, ಅದರ ವಿವರ ಹಿಂದಿನಿಂದ. ಚೀನೀಯಲ್ಲಿ ಹೀಗೆ: ‘ವೋ ತ್ಸ್ವೊಥ್ಯೆನ್ ಮಾಯ್ ತ ಶು.’ ನಾನು, ನಿನ್ನೆ, ಕೊಂಡ, ಪುಸ್ತಕ. ಒಂದು ಪದವೂ ಆಚೀಚೆ ಇಲ್ಲ. ‘ಅಮ್ಮ ಮಾಡಿದ ಅಡುಗೆ’, ‘ಮಳೆ ಬರುವ ದಿನ’, ‘ಅವನು ಹೇಳಿದ ಮಾತು’, ಸುಮ್ನೆ ಕನ್ನಡದಲ್ಲಿ ಯೋಚಿಸಿ ಪದ ಬದಲಿಸಿದರೆ ಆಯಿತು. ಪ್ರಶ್ನೆಗೂ ಹಾಗೆಯೇ. ನಾವು ಕೊನೆಗೆ ‘ಆ’ ಎಳೆದು ‘ಬರ್ತೀಯಾ’ ಅನ್ನುತ್ತೇವೆ, ಅವರು ಕೊನೆಗೆ ‘ಮ’ ಸೇರಿಸುತ್ತಾರೆ. ಎಣಿಸುವಾಗ ಪ್ರತಿ ವಸ್ತುವಿಗೂ ಒಂದು ಅಳತೆಯ ಪದ ಬೇಕು. ಅದೂ ಹೊಸದೇನಲ್ಲ ಅನ್ನಿಸಿತು, ಒಂದು ಮೊಳ ಹೂವು, ಒಂದು ಕಟ್ಟು ಸೊಪ್ಪು ಅನ್ನುವವರಿಗೆ.

ಎಲ್ಲ ಕಡೆ ಕನ್ನಡ ಕೈ ಹಿಡಿಯುವುದಿಲ್ಲ, ಅದನ್ನೂ ಹೇಳಬೇಕು. ನಾವು ‘ಚಹಾ ಕುಡಿ’ ಅಂದರೆ ಅವರು ‘ಕುಡಿ ಚಹಾ’ ಅನ್ನುತ್ತಾರೆ. ಆದರೂ ಆ ದಿನ ನಾನು ಇಂಗ್ಲಿಷ್ ಟಿಪ್ಪಣಿ ಬರೆಯುವುದನ್ನು ಪೂರ್ತಿ ನಿಲ್ಲಿಸಿದೆ. ಎರಡು ಮನೆ ಅಕ್ಕಪಕ್ಕ ಇರುವಾಗ ಊರಾಚೆ ಸುತ್ತಿಕೊಂಡು ಯಾಕೆ ಹೋಗಬೇಕು?

ದಿನ 31

ಚಂಡಮಾರುತ. ನಾಳೆ ಶಾಲೆ, ಕಚೇರಿ ಎಲ್ಲ ರಜೆ ಅಂತ ಹಿಂದಿನ ಸಂಜೆಯೇ ನಗರದವರು ಪ್ರಕಟಿಸಿದರು. ನಾನು ಅಂಗಡಿಗೆ ಹೋಗುವಷ್ಟರಲ್ಲಿ ಬ್ರೆಡ್ ಇಟ್ಟ ಕಪಾಟು ಖಾಲಿ. ರಾತ್ರಿಯಿಡೀ ಕಿಟಕಿ ಬಡಿದುಕೊಂಡಿತು. ಕಿಟಕಿಯ ಸಂದಿಯಿಂದ ನೀರು ಒಳಗೆ ಬಂದು, ಮೇಜಿನ ಮೇಲಿದ್ದ ಅಕ್ಷರ ಅಭ್ಯಾಸದ ಪುಸ್ತಕ ನೆನೆದು ಶಾಯಿಯೆಲ್ಲ ಕರಗಿತು. ಒಂದು ತಿಂಗಳ ಬರವಣಿಗೆ. ತೈವಾನಿನಲ್ಲಿ ಹಳೆಯ ಪೂರ್ಣ ಅಕ್ಷರಗಳನ್ನೇ ಬರೆಯುತ್ತಾರೆ, ಚೀನಾದಲ್ಲಿ ಸರಳ ಮಾಡಿದವನ್ನು. ಹೊರಡುವ ಮೊದಲು ಯಾವುದು ಬೇಕು ಅಂತ ಯೋಚಿಸಿಕೊಳ್ಳಿ. ನನಗೆ ಪೂರ್ಣ ಅಕ್ಷರವೇ ಇಷ್ಟ. ಪ್ರೀತಿ ಅನ್ನುವ ಅಕ್ಷರದ ಹೊಟ್ಟೆಯಲ್ಲಿ ಹೃದಯ ಅನ್ನುವ ಅಕ್ಷರ ಇದೆ, ಸರಳ ಮಾಡುವಾಗ ಅದನ್ನು ತೆಗೆದುಬಿಟ್ಟಿದ್ದಾರೆ.

ಕರೆಂಟ್ ಹೋಯಿತು. ಅ-ಮಾ ಕೆಳಗಿನಿಂದ ಕೂಗಿದರು. ಅವರ ಅಡುಗೆ ಮನೆಯಲ್ಲಿ ಮೇಣದ ಬತ್ತಿ ಹಚ್ಚಿ ಕೂತೆವು. ನಿಮ್ಮ ಮನೆಯಲ್ಲಿ ಯಾವ ಮಾತು, ಇಂಗ್ಲಿಷಾ ಅಂತ ಕೇಳಿದರು. ಅಲ್ಲ, ಕನ್ನಡ ಅಂದೆ. ಹೇಳು ಅಂದರು. ಏನು ಹೇಳಬೇಕೋ ತಿಳಿಯದೆ ಅ ಆ ಇ ಈ ಹೇಳಿದೆ.

ಆಮೇಲೆ ಅವರು ತಮ್ಮ ಶಾಲೆಯ ಕಥೆ ಹೇಳಿದರು. ನಿಧಾನವಾಗಿ, ನನಗೆ ತಿಳಿಯುವ ಹಾಗೆ. ಅವರು ಚಿಕ್ಕವರಿದ್ದಾಗ ತೈವಾನಿನಲ್ಲಿ ಸೇನಾ ಕಾನೂನು, ಅದು 1949ರಿಂದ 1987ರವರೆಗೆ ಇತ್ತು. ಶಾಲೆಯಲ್ಲಿ ಚೀನೀ ಮಾತ್ರ ಆಡಬೇಕು. ಮನೆಮಾತು ತೈಗಿ ಬಾಯಿಗೆ ಬಂದರೆ ದಂಡ, ಇಲ್ಲವೇ ಕೊರಳಿಗೆ ಹಲಗೆ ಕಟ್ಟಿ ನಿಲ್ಲಿಸುವುದು. ಅ-ಮಾ ಕೊರಳಿಗೂ ಹಲಗೆ ಬಿದ್ದಿತ್ತು. ತಮ್ಮ ಮಕ್ಕಳಿಗೆ ಹಾಗಾಗಬಾರದು ಅಂತ ಅವರ ಜೊತೆ ಬರೀ ಚೀನೀಯಲ್ಲೇ ಮಾತಾಡಿದರಂತೆ. 2001ರಿಂದ ಪ್ರಾಥಮಿಕ ಶಾಲೆಗಳಲ್ಲಿ ತೈಗಿಯನ್ನೂ ಒಂದು ಪಾಠವಾಗಿ ಕಲಿಸುತ್ತಾರೆ. ‘ಈಗ ಮೊಮ್ಮಗ ಪುಸ್ತಕ ನೋಡಿಕೊಂಡು ನನ್ನ ಮಾತು ಕಲಿಯುತ್ತಾನೆ’ ಅಂದರು.

ನಾನು ಓದಿದ ಶಾಲೆಯಲ್ಲೂ ಕನ್ನಡ ಮಾತಾಡಿದರೆ ಐದು ರೂಪಾಯಿ ದಂಡ ಇತ್ತು. ಅದನ್ನು ಹೇಳಿದೆ. ಅ-ಮಾ ಏನೂ ಹೇಳಲಿಲ್ಲ. ನನ್ನ ಕೈ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಕೂತಿದ್ದರು. ಆ ದಂಡ ನನಗೆ ಯಾವತ್ತೂ ದೊಡ್ಡ ವಿಷಯ ಅನ್ನಿಸಿರಲಿಲ್ಲ. ಆ ರಾತ್ರಿ ಅನ್ನಿಸಿತು.

ದಿನ 45

ಬಾಡಿಗೆ ಸೈಕಲ್ ತುಳಿದುಕೊಂಡು ತೈನಾನ್ ಕರಾವಳಿಯ ಆನ್‌ಪಿಂಗ್‌ಗೆ ಹೋದೆ. ಬೆಳಿಗ್ಗೆ ಏಳಕ್ಕೇ ಹೊರಡಿ, ಹತ್ತರ ಮೇಲೆ ಬಿಸಿಲು ತಡೆಯಲಾಗುವುದಿಲ್ಲ. ಡಚ್ಚರು 1624ರಲ್ಲಿ ಇಲ್ಲಿ ಬಂದು ಕೋಟೆ ಕಟ್ಟಿದರು. 38 ವರ್ಷ ಇದ್ದರು. ಒಂಬತ್ತು ತಿಂಗಳು ಮುತ್ತಿಗೆ ಹಾಕಿ 1662ರಲ್ಲಿ ಅವರನ್ನು ಓಡಿಸಿದವನು ಚೆಂಗ್ ಚೆಂಗ್ ಕುಂಗ್, ನಮ್ಮ ವಿಶ್ವವಿದ್ಯಾಲಯಕ್ಕೆ ಇಟ್ಟಿರುವುದು ಅವನದೇ ಹೆಸರು.

ಮುಖ್ಯವಾಗಿ ಉಳಿದಿರುವುದು ಒಂದು ಗೋಡೆ. ಅದರ ಇಟ್ಟಿಗೆಗೆ ಹಾಕಿದ ಗಾರೆಯಲ್ಲಿ ಚಿಪ್ಪಿನ ಸುಣ್ಣ, ಅಂಟಕ್ಕಿಯ ಗಂಜಿ, ಸಕ್ಕರೆ ಪಾಕ ಇದೆಯಂತೆ. ನಮ್ಮ ಹಳೆಯ ಮನೆಗಳ ಸುಣ್ಣದ ಗಾರೆಗೂ ಬೆಲ್ಲ ಹಾಕುತ್ತಿದ್ದರು. ಗೋಡೆ ಮುಟ್ಟಿ ನೋಡಿದೆ. ಆಲದ ಬೇರು ಇಟ್ಟಿಗೆಯ ಮೇಲೆ ನರಗಳ ಹಾಗೆ ಹರಡಿತ್ತು.

ಹಿಂದಿರುಗುವಾಗ ಸೈಕಲ್ ಚೈನ್ ಕಳಚಿತು. ದೇವಸ್ಥಾನದ ಎದುರು ಕೂತಿದ್ದ ಅಜ್ಜ ಒಬ್ಬರು ಬಂದು ಸರಿ ಮಾಡಿ, ಕೈ ಒರೆಸಿಕೊಂಡು, ಬಾ ‘ತೇ’ ಕುಡಿ ಅಂದರು. ತೇ! ಚೀನೀಯಲ್ಲಿ ಅದು ‘ಛಾ’, ತೈಗಿಯಲ್ಲಿ ‘ತೇ’. ಒಂದೇ ಅಕ್ಷರ, ಎರಡು ಉಚ್ಚಾರ. ಛಾ ಅನ್ನುವುದು ಬೇರೆ ದಾರಿಯಲ್ಲಿ ಬಂದು ನಮ್ಮಲ್ಲಿ ಚಹಾ ಆಯಿತು. ತೇ ಅನ್ನುವುದು ಈ ಕರಾವಳಿಯ ಮಾತಿನಿಂದ ಡಚ್ಚರ ಹಡಗು ಹತ್ತಿ, ಯುರೋಪ್ ಸುತ್ತಿ, ಇಂಗ್ಲಿಷರ ಜೊತೆ ಬಂದು ಟೀ ಆಯಿತು. ನಮ್ಮ ಅಮ್ಮ ಹುಬ್ಬಳ್ಳಿಯವಳು, ಚಹಾ ಅನ್ನುತ್ತಾಳೆ. ಅಪ್ಪ ತಿಪಟೂರಿನವರು, ಟೀ ಅನ್ನುತ್ತಾರೆ. ಇಪ್ಪತ್ತೈದು ವರ್ಷದಿಂದ ಅದಕ್ಕೆ ಇಬ್ಬರೂ ಒಬ್ಬರನ್ನೊಬ್ಬರು ರೇಗಿಸುತ್ತಾರೆ. ಅಲ್ಲೇ ಕೂತು ಮನೆಗೆ ಫೋನ್ ಮಾಡಿದೆ. ಅಜ್ಜನ ಕೈಗೆ ಫೋನ್ ಕೊಟ್ಟೆ. ಅವರು ‘ತೇ’ ಅಂದರು, ಅಪ್ಪ ಆ ಕಡೆಯಿಂದ ‘ನೋಡಿದೆಯಾ’ ಅಂತ ಅಮ್ಮನಿಗೆ ಕೂಗಿದ್ದು ಕೇಳಿತು.

ದೇವಸ್ಥಾನದ ಒಳಗೆ ಅರ್ಧಚಂದ್ರದ ಆಕಾರದ ಎರಡು ಕೆಂಪು ಮರದ ತುಂಡು ನೆಲಕ್ಕೆ ಹಾಕಿ ದೇವರನ್ನು ಕೇಳುತ್ತಾರೆ. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಆಗಲಿ ಅಂತ ಅರ್ಥ. ದೇವರ ಬಲಗಡೆ ಹೂವು ಬೀಳಲಿ ಅಂತ ಕಾಯುವ ನನಗೆ ವಿವರಣೆ ಬೇಕಾಗಲಿಲ್ಲ. ಪರೀಕ್ಷೆ ಪಾಸಾಗುತ್ತೇನಾ ಅಂತ ಕೇಳಿದೆ. ಎರಡೂ ಅಂಗಾತ ಬಿದ್ದವು. ದೇವರು ನಗುತ್ತಿದ್ದಾನೆ ಅಂತ ಅರ್ಥ, ಇನ್ನೊಮ್ಮೆ ಕೇಳು ಅಂದರು ಅಜ್ಜ.

ಆಮೇಲಿನ ವಾರಗಳು

ಡಿಸೆಂಬರ್‌ನಲ್ಲಿ ಬಿಸಿಲು ಹಿತವಾಯಿತು. ಬರೀ ಓದು. ದಿನಕ್ಕೆ ಇಪ್ಪತ್ತು ಅಕ್ಷರ ಬರೆದು, ಹದಿನೈದು ಮರೆಯುತ್ತಿದ್ದೆ.

ನಿಜವಾದ ತರಗತಿ ಸಂಜೆ ಓಣಿಯ ಬಾಯಲ್ಲಿ. ಕಸದ ಗಾಡಿ ಪಿಯಾನೋ ರಾಗ ಹಾಕಿಕೊಂಡು ಹೊತ್ತಿಗೆ ಸರಿಯಾಗಿ ಬರುತ್ತದೆ, ಮನೆ ಮುಂದೆ ಕಸ ಇಟ್ಟು ಬರುವ ಹಾಗಿಲ್ಲ, ನಾವೇ ಕೈಯಲ್ಲಿ ಹಿಡಿದು ಕಾಯಬೇಕು. ಕಾಯುವ ಆ ಹತ್ತು ನಿಮಿಷದಲ್ಲಿ ಇಡೀ ಓಣಿ ಅಲ್ಲಿರುತ್ತದೆ. ಯಾರ ಮಗಳಿಗೆ ಮದುವೆ, ಯಾರ ಮೊಣಕಾಲು ನೋವು, ಎಲೆಕೋಸು ಎಷ್ಟಾಯಿತು. ಮೊದಲ ತಿಂಗಳು ನನಗೆ ಬರೀ ಸದ್ದು. ಡಿಸೆಂಬರ್ ಹೊತ್ತಿಗೆ ಮೊಣಕಾಲು ನೋವಿನವರು ಯಾರು ಅಂತ ಗೊತ್ತಿತ್ತು, ಈಗ ಹೇಗಿದೆ ಅಂತ ಕೇಳುತ್ತಲೂ ಇದ್ದೆ. ಭಾಷೆ ಕಲಿಯಲು ಹೋಗುವವರು ಇಂಥ ಓಣಿಯಲ್ಲಿ ರೂಮು ಹುಡುಕಿ. ವಿದೇಶಿ ವಿದ್ಯಾರ್ಥಿಗಳೇ ತುಂಬಿರುವ ಕಟ್ಟಡ ಬೇಡ.

ಕೊನೆಯ ದಿನ

ಸೂಟ್‌ಕೇಸ್ ಎರಡು ಕಿಲೋ ಜಾಸ್ತಿ ತೂಗುತ್ತಿತ್ತು. ಬಟ್ಟೆ ತೆಗೆದು ಪುಸ್ತಕ ಇಟ್ಟುಕೊಂಡೆ. ನೆನೆದು ಶಾಯಿ ಕರಗಿದ ಆ ಪುಸ್ತಕವನ್ನೂ.

ಅ-ಮಾ ಒಂದು ಡಬ್ಬಿ ಚಹಾ ಕೊಟ್ಟರು. ನಾನು ನೋಟ್‌ಬುಕ್‌ನ ಹಿಂದಿನ ಪುಟಗಳನ್ನು ತೋರಿಸಿದೆ, ಅವರಿಂದ ಕಲಿತ ತೈಗಿ ಪದಗಳು, ಎಲ್ಲ ಕನ್ನಡ ಲಿಪಿಯಲ್ಲಿ. ಅವರು ಬೆರಳಿಟ್ಟು ಒಂದೊಂದನ್ನೂ ಓದು ಅಂದರು. ನಾನು ಓದುತ್ತಾ ಹೋದೆ, ಅವರು ಅಲ್ಲಲ್ಲಿ ತಿದ್ದಿದರು. ರೈಲಿನ ಹೊತ್ತಾಗುತ್ತಿದ್ದರೂ ಇಬ್ಬರೂ ನಿಲ್ಲಿಸಲಿಲ್ಲ. ಕೊನೆಗೆ ಅವರ ಮಗ ಬಂದು ಸ್ಕೂಟರ್ ಸ್ಟಾರ್ಟ್ ಮಾಡಿದರು. ಅ-ಮಾ ‘ಮಾನ್ ತ್ಸೋ’ ಅಂದರು.

ಈಗ ಭಾನುವಾರ ಅವರ ಮೊಮ್ಮಗನ ಫೋನಿನಿಂದ ಅವರ ದನಿ ಬರುತ್ತದೆ. ಮೊನ್ನೆಯ ಸಂದೇಶದಲ್ಲಿ ಊಟ ಆಯ್ತಾ ಅಂದಿದ್ದರು, ತೈನಾನ್‌ನಲ್ಲಿ ಚಳಿ ಅಂದಿದ್ದರು, ಮೇಲಿನ ರೂಮಿಗೆ ಇನ್ನೂ ಯಾರೂ ಬಂದಿಲ್ಲ ಅಂದಿದ್ದರು. ನಡುವೆ ಒಂದು ಪದ ಇದೆ, ಆರು ಸಲ ಕೇಳಿದರೂ ಗೊತ್ತಾಗಿಲ್ಲ. ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಈ ಭಾನುವಾರ ಕೇಳಬೇಕು.